ಬಕೆಟ್ ನೀರು ಕಪ್ಪಾದ ಮೇಲೆ ಒರೆಸುತ್ತಿರುವುದು ಏನನ್ನು?

ಹೋದ ಬೇಸಿಗೆಯ ಒಂದು ಭಾನುವಾರ ನಾನೊಂದು ಸಣ್ಣ ಹುಚ್ಚಾಟ ಮಾಡಿದೆ. ಮನೆ ಒರೆಸುವಾಗ ಒಂದೊಂದು ಕೋಣೆ ಮುಗಿದ ಹಾಗೆ ಬಕೆಟ್ಟಿನಿಂದ ಒಂದು ಗಾಜಿನ ಲೋಟದಷ್ಟು ನೀರು ತೆಗೆದು ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಹಾಲ್ ಮುಗಿದಾಗ ತೆಗೆದ ನೀರು ಅಕ್ಕಿ ತೊಳೆದ ನೀರಿನ ಹಾಗಿತ್ತು. ಅಡುಗೆಮನೆ ಆದ ಮೇಲೆ ಬೂದಿ ಕಲಸಿದ ಹಾಗೆ. ಒಂದು ಬೆಡ್‌ರೂಮ್ ಮುಗಿಯುವಷ್ಟರಲ್ಲಿ ಲೋಟದ ಆಚೆ ಬದಿಯ ಕಿಟಕಿ ಸರಳು ಕಾಣಿಸುತ್ತಿರಲಿಲ್ಲ. ಕೊನೆಯ ಲೋಟದಲ್ಲಿ ಕೂದಲು ತೇಲುತ್ತಿತ್ತು, ತಳದಲ್ಲಿ ಕಾಫಿ ಗಸಿಯಂಥದ್ದೇನೋ ಕೂತಿತ್ತು. ಆ ನೀರಿನಲ್ಲಿ ನಾನು ಆಗಷ್ಟೇ ಒರೆಸಿ ಬಂದಿದ್ದು ಮಕ್ಕಳು ಮಲಗುವ ಕೋಣೆಯನ್ನು. ಫಿನಾಯಿಲ್ ಮಾತ್ರ ಘಮಘಮ ಅನ್ನುತ್ತಿತ್ತು.

ಅಂದರೆ ಹಾಲ್‌ನ ಕೊಳೆಯನ್ನು ಬೆಡ್‌ರೂಮಿಗೆ ಸಾಗಿಸುವ ಕೆಲಸವನ್ನು ಇಷ್ಟು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದಿದ್ದೆ.

ನೆಲ ಒರೆಸುವುದರಲ್ಲಿ ತಿಳಿದುಕೊಳ್ಳುವುದಕ್ಕೆ ಏನಿದೆ ಅನ್ನಿಸಬಹುದು. ಆದರೆ ಎಷ್ಟು ದಿನಕ್ಕೊಮ್ಮೆ, ಎಂಥ ಬಟ್ಟೆ, ನೀರಿಗೆ ಏನು ಹಾಕಬೇಕು, ಯಾವ ನೆಲಕ್ಕೆ ಏನು ಹಾಕಲೇಬಾರದು ಅಂತ ಕೇಳಿ ನೋಡಿ. ಮನೆಗೊಂದು ಉತ್ತರ ಸಿಗುತ್ತದೆ. ಎಲ್ಲರೂ ಸರಿಯಂತೂ ಇರಲಾರರು.

ಸಾರಿಸುವುದು ಬೇರೆ, ಒರೆಸುವುದು ಬೇರೆ

ನಮ್ಮ ಅಜ್ಜಿ ಮನೆಯಲ್ಲಿ ಯಾರೂ ನೆಲ ಒರೆಸುತ್ತಿರಲಿಲ್ಲ, ಸಾರಿಸುತ್ತಿದ್ದರು. ಮಣ್ಣಿನ ನೆಲ. ಸಗಣಿಯನ್ನು ನೀರಲ್ಲಿ ಕದಡಿ, ಅಡಿಕೆ ಹಾಳೆಯ ತುಂಡು ಹಿಡಿದು, ಅರ್ಧ ಚಂದ್ರನ ಹಾಗೆ ಎಳೆಯುತ್ತಾ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬರುತ್ತಿದ್ದರು. ಒಣಗಿದ ಮೇಲೂ ಆ ಗೀರುಗಳು ಕಾಣುತ್ತಿದ್ದವು. ಮಣ್ಣಿನ ನೆಲವನ್ನು ತೊಳೆದರೆ ಕೆಸರಾಗುತ್ತದೆ. ಹಾಗಾಗಿ ಅಲ್ಲಿ ಕೊಳೆ ತೆಗೆಯುವ ಮಾತೇ ಇಲ್ಲ. ಧೂಳು ಏಳದಂತೆ ಮೇಲೊಂದು ತೆಳು ಪದರ ಬಳಿಯುವುದೇ ಕೆಲಸ. ಸಗಣಿಯಲ್ಲಿರುವ ಸಣ್ಣ ನಾರು ಆ ಪದರ ಬಿರುಕು ಬಿಡದಂತೆ ಹಿಡಿದಿಡುತ್ತದೆ.

ಆಮೇಲೆ ನೆಲ ಬದಲಾಯಿತು. ಕಾವಿ ನೆಲ ಬಂತು, ಮೊಸಾಯಿಕ್ ಬಂತು, ಈಗ ಎಲ್ಲೆಲ್ಲೂ ಟೈಲ್ಸ್. ಮಾತು ಮಾತ್ರ ಉಳಿದುಕೊಂಡಿತು. ಟೈಲ್ಸ್ ಹಾಕಿದ ಮನೆಯಲ್ಲೂ ‘ಸಾರಿಸಿದ್ದಾಯ್ತಾ?’ ಅಂತಲೇ ಕೇಳುವವರಿದ್ದಾರೆ. ಮಾತಿನ ಜೊತೆ ಅಭ್ಯಾಸವೂ ಉಳಿದಿದೆ ಅಂತ ನನ್ನ ಗುಮಾನಿ. ನಾವು ಇವತ್ತಿಗೂ ಸಾರಿಸುತ್ತಲೇ ಇದ್ದೇವೆ. ಸಗಣಿ ಇದ್ದ ಜಾಗದಲ್ಲಿ ಫಿನಾಯಿಲ್ ಬಂದಿದೆ, ಅಷ್ಟೇ. ಒದ್ದೆ ಬಟ್ಟೆಯಲ್ಲಿ ಘಮಘಮ ನೀರನ್ನು ನೆಲಕ್ಕೆಲ್ಲ ಬಳಿದು ಬಿಡುತ್ತೇವೆ. ಅದು ಅಲ್ಲೇ ಒಣಗುತ್ತದೆ. ನೀರು ಆವಿಯಾಗಿ ಹೋಗುತ್ತದೆ, ನೀರಿನಲ್ಲಿದ್ದ ಕೊಳೆ ಎಲ್ಲಿಗೆ ಹೋಗುತ್ತದೆ? ನೆಲದ ಮೇಲೇ ಕೂರುತ್ತದೆ, ಮೊದಲಿಗಿಂತ ಚೆನ್ನಾಗಿ ಹರಡಿಕೊಂಡು.

ಟೈಲ್ಸ್ ನೆಲಕ್ಕೆ ಏನನ್ನೂ ಬಳಿಯುವ ಅಗತ್ಯ ಇಲ್ಲ. ಅಲ್ಲಿಂದ ತೆಗೆಯುವುದಷ್ಟೇ ಕೆಲಸ. ಕೊಳೆ ನೆಲದಿಂದ ಬಟ್ಟೆಗೆ ಬರಬೇಕು, ಬಟ್ಟೆಯಿಂದ ನೀರಿಗೆ, ನೀರಿನಿಂದ ಮೋರಿಗೆ. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ.

ದಿನಾ ಒರೆಸಬೇಕಾ?

ಇಡೀ ಮನೆಯನ್ನು ದಿನಾ ಒರೆಸಬೇಕಾಗಿಲ್ಲ. ಕೆಲವು ಜಾಗಗಳನ್ನು ಮಾತ್ರ ದಿನಕ್ಕೆ ಎರಡು ಸಲ ಒರೆಸಿದರೂ ತಪ್ಪಿಲ್ಲ. ಮನೆಯ ಎಲ್ಲ ನೆಲ ಒಂದೇ ಥರ ಕೊಳೆಯಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲಿ ಎಷ್ಟು ಅಂತ ತಿಳಿಯಬೇಕಾ? ರಾತ್ರಿ ಊಟ ಆದ ಮೇಲೆ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಾಕಿ ಫೋನನ್ನು ನೆಲಕ್ಕೆ ಅಡ್ಡಡ್ಡ ಇಡಿ. ಬೆಳಕು ನೆಲ ಸವರಿಕೊಂಡು ಹೋಗುವಾಗ ಒಂದೊಂದು ಕಾಳಿಗೂ ನೆರಳು ಬೀಳುತ್ತದೆ. ಹಗಲು ಕಣ್ಣಿಗೆ ಬೀಳದ ಕೂದಲು, ರವೆ ಕಾಳು, ಒಣಗಿದ ದೋಸೆ ಹಿಟ್ಟಿನ ಚುಕ್ಕಿ ಎಲ್ಲ ಎದ್ದು ಕಾಣುತ್ತದೆ. ನಮ್ಮ ಮನೆಯಲ್ಲಿ ಒಲೆಯ ಮುಂದಿನ ಎರಡು ಅಡಿ, ಊಟದ ಟೇಬಲ್ಲಿನ ಕೆಳಗೆ, ಮುಂಬಾಗಿಲಿನಿಂದ ಸೋಫಾದವರೆಗಿನ ದಾರಿ, ಬಾತ್‌ರೂಮ್ ಬಾಗಿಲು. ಕೊಳೆಯ ಮುಕ್ಕಾಲು ಪಾಲು ಈ ನಾಲ್ಕೇ ಕಡೆ. ಮಂಚದ ಪಕ್ಕ ಸುಮಾರಾಗಿ ಚೆನ್ನಾಗಿಯೇ ಇತ್ತು. ಮಂಚದ ಅಡಿಯ ಕಥೆ ಬೇರೆ, ಅಲ್ಲಿ ಧೂಳಿನ ಉಂಡೆಗಳು ಸಂಸಾರ ಹೂಡಿದ್ದವು.

ಇದರ ಮೇಲೆ ನಾನು ಮಾಡಿಕೊಂಡ ಲೆಕ್ಕ ಹೀಗಿದೆ. ಅಡುಗೆಮನೆ ದಿನಾ. ಎಣ್ಣೆ ಹಬೆ ನೆಲದ ಮೇಲೆ ಇಳಿಯುತ್ತದೆ, ಅದಕ್ಕೆ ಧೂಳು ಅಂಟುತ್ತದೆ, ಎರಡು ದಿನ ಬಿಟ್ಟರೆ ಬರೀ ನೀರಿಗೆ ಬಗ್ಗುವುದಿಲ್ಲ. ಹಾಲ್ ಮತ್ತು ಓಡಾಡುವ ದಾರಿ ದಿನ ಬಿಟ್ಟು ದಿನ. ಬೆಡ್‌ರೂಮ್ ವಾರಕ್ಕೆ ಎರಡು ಸಲ. ಮಂಚ, ಸೋಫಾ, ಫ್ರಿಜ್ ಅಡಿ ಹದಿನೈದು ದಿನಕ್ಕೊಮ್ಮೆ. ನಡುವೆ ಏನಾದರೂ ಚೆಲ್ಲಿದರೆ ಆ ಜಾಗ ಮಾತ್ರ, ಆಗಲೇ.

ನಿಮ್ಮ ಲೆಕ್ಕ ಬೇರೆಯೇ ಇರಬಹುದು. ಕೆಂಪು ಮಣ್ಣಿನ ರಸ್ತೆ ಪಕ್ಕ ನೆಲಮಹಡಿಯಲ್ಲಿ ಇರುವವರಿಗೂ ಏಳನೇ ಮಹಡಿಯವರಿಗೂ ಒಂದೇ ಲೆಕ್ಕ ಹೇಗೆ ಆಗುತ್ತದೆ? ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ ದಿನಕ್ಕೆರಡು ಸಲ ಒರೆಸಿದರೂ ಸಾಲದು. ಅದು ಬೆಂಗಳೂರಿನಲ್ಲಿ ಇರುವವರಿಗೆಲ್ಲ ಗೊತ್ತು. ನಾಯಿ ಬೆಕ್ಕು ಇದ್ದರೆ ಜಾಸ್ತಿ. ಇಬ್ಬರೇ ಇದ್ದು ಇಬ್ಬರೂ ಬೆಳಗ್ಗೆ ಆಫೀಸಿಗೆ ಹೋಗುವವರಾದರೆ ಕಡಿಮೆ. ಚಪ್ಪಲಿ ಹೊರಗೆ ಬಿಡುವ ನಮ್ಮ ಪದ್ಧತಿ ಅರ್ಧ ಕೆಲಸ ಉಳಿಸುತ್ತದೆ. ಹೊಸ್ತಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿ ವಾರಕ್ಕೊಮ್ಮೆ ಕೊಡವಿದರೆ ಇನ್ನೂ ಸ್ವಲ್ಪ ಉಳಿಯುತ್ತದೆ.

ಅಂಬೆಗಾಲಿಡುವ ಮಗು ಇರುವ ಮನೆಗೆ ಮಾತ್ರ ನಾನು ರಿಯಾಯಿತಿ ಕೊಡುವುದಿಲ್ಲ. ಆ ವಯಸ್ಸಿನಲ್ಲಿ ಕೈ ನೆಲದ ಮೇಲೆ, ಮರುಕ್ಷಣ ಬಾಯಲ್ಲಿ. ಮಗು ಆಡುವ ಜಾಗ ದಿನಾ ಒರೆಸಬೇಕು. ಮನೆ ಹಳೆಯದಾಗಿ ಗೋಡೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಇನ್ನೂ ಎಚ್ಚರ ಬೇಕು. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು, ಮೀರಬಾರದು ಎನ್ನುವ ನಿಯಮ ನಮ್ಮಲ್ಲಿ ಬಂದಿದ್ದೇ 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರಿನಿಂದ. ಅದಕ್ಕೂ ಹಿಂದಿನ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು. ಅದನ್ನು ಒಣ ಪೊರಕೆಯಲ್ಲಿ ಗುಡಿಸಿ ಗಾಳಿಗೆ ಎಬ್ಬಿಸಬಾರದು. ಒದ್ದೆ ಬಟ್ಟೆಯಲ್ಲಿ ಎತ್ತಿ ಆ ಬಟ್ಟೆಯನ್ನು ಬೇರೆಯಾಗಿ ತೊಳೆಯಬೇಕು, ಇಲ್ಲವೇ ಬಿಸಾಕಬೇಕು.

ಮೊದಲು ಪೊರಕೆ, ಆಮೇಲೆ ಸ್ವಲ್ಪ ತಾಳ್ಮೆ

ಗುಡಿಸದೆ ಒರೆಸಿದರೆ ಧೂಳು ಕೆಸರಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೇ ಇರುವುದು ಗುಡಿಸಿದ ತಕ್ಷಣ ಒರೆಸಿದರೆ ಏನಾಗುತ್ತದೆ ಅನ್ನುವುದು. ಪೊರಕೆ ಆಡಿದಾಗ ದಪ್ಪ ಕಸ ಮೊರಕ್ಕೆ ಬರುತ್ತದೆ, ನಯವಾದ ಧೂಳು ಗಾಳಿಗೆ ಏಳುತ್ತದೆ. 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು ಗಾತ್ರದ ಕಣ ನಿಂತ ಗಾಳಿಯಲ್ಲಿ ಒಂದು ಮೀಟರ್ ಇಳಿಯುವುದಕ್ಕೆ ಐದಾರು ನಿಮಿಷ ತೆಗೆದುಕೊಳ್ಳುತ್ತದೆ. 1 ಮೈಕ್ರಾನ್ ಕಣಕ್ಕೆ ಗಂಟೆಗಟ್ಟಲೆ ಬೇಕು. ಗುಡಿಸುತ್ತಾ ಹಿಂದೆಯೇ ಒರೆಸಿಕೊಂಡು ಬಂದರೆ ಆ ಧೂಳೆಲ್ಲ ಆಮೇಲೆ ನಿಧಾನಕ್ಕೆ ಒದ್ದೆ ನೆಲದ ಮೇಲೆ ಇಳಿದು ಅಂಟಿಕೊಳ್ಳುತ್ತದೆ. ಬೆಳಗ್ಗೆ ಒರೆಸಿದ ಟಿವಿ ಸ್ಟ್ಯಾಂಡ್ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯುವ ಹಾಗೆ ಇರುತ್ತದಲ್ಲ, ಅದರಲ್ಲಿ ಪೊರಕೆಯ ಪಾಲೂ ಇದೆ.

ಅದಕ್ಕೇ ಗುಡಿಸುವಾಗ ಫ್ಯಾನ್ ಆಫ್. ಪೊರಕೆಯನ್ನು ಬೀಸಬಾರದು, ನೆಲಕ್ಕೆ ಒತ್ತಿ ಎಳೆಯಬೇಕು. ಒಳಗೆ ಹುಲ್ಲಿನ ಪೊರಕೆ ಸಾಕು, ತೆಂಗಿನ ಕಡ್ಡಿ ಪೊರಕೆ ಅಂಗಳಕ್ಕೇ ಇರಲಿ. ಗುಡಿಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಆ ಹತ್ತು ನಿಮಿಷದಲ್ಲಿ ಒಂದು ಕಾಫಿ ಆಗುತ್ತದೆ. ಒರೆಸಿದ ಮೇಲೆ ಫ್ಯಾನ್ ಆನ್.

ಊರಿಗೆ ಹೊರಟವರು ಹೊಸ್ತಿಲು ದಾಟಿದ ಕೂಡಲೇ ಮನೆ ಗುಡಿಸಿ ಒರೆಸಬಾರದು ಅಂತ ನಮ್ಮಲ್ಲೊಂದು ನಂಬಿಕೆ ಇದೆ. ಕಾರಣ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಬಂದ ನೆಂಟರು ಹೋದ ಮೇಲೆ ಒಂದು ಗಂಟೆ ಸುಮ್ನೆ ಕೂರುವುದಕ್ಕೆ ನನಗಂತೂ ಇದು ಒಳ್ಳೆಯ ನೆಪ.

ನೀರು ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ

ಸಾಮಾನ್ಯವಾಗಿ ಒಂದು ದೊಡ್ಡ ಬಕೆಟ್ ತುಂಬಾ, ಅಂದರೆ ಹತ್ತು ಹನ್ನೆರಡು ಲೀಟರ್ ನೀರು ಹಿಡಿದು ಇಡೀ ಮನೆ ಒರೆಸುತ್ತೇವೆ. ನೀರು ಜಾಸ್ತಿ ಇದ್ದರೆ ಕೊಳೆ ತೆಳುವಾಗುತ್ತದೆ ಅನ್ನುವ ಲೆಕ್ಕ. ಅದೇ ನೀರನ್ನು ಮೂರು ಮೂರು ಲೀಟರಿನಂತೆ ನಾಲ್ಕು ಸಲ ಹಿಡಿದರೆ? ಪ್ರತಿ ಕೋಣೆಗೂ ತಿಳಿ ನೀರು ಸಿಗುತ್ತದೆ. ಖರ್ಚಾಗುವ ನೀರು ಅಷ್ಟೇ. ಒಂದು ಕೋಣೆಯ ಕೊಳೆ ಇನ್ನೊಂದಕ್ಕೆ ಹೋಗುವುದಿಲ್ಲ. ಬಕೆಟ್ ಹಗುರ, ಸೊಂಟಕ್ಕೂ ಒಳ್ಳೆಯದು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವುದಾದರೆ ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರೀ ನೀರು. ಕೊಳೆ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದುವುದು. ಕೊಳೆಯೆಲ್ಲ ಒಂದೇ ಬಕೆಟ್ಟಿನಲ್ಲಿ ಸೇರುತ್ತದೆ, ಇನ್ನೊಂದು ಕೊನೆಯವರೆಗೂ ಹೆಚ್ಚುಕಡಿಮೆ ತಿಳಿಯಾಗಿಯೇ ಇರುತ್ತದೆ.

ನಾನು ಈಗ ಮಾಡುವುದು ಮೂರನೆಯ ಥರ. ಲೋಟದ ಪ್ರಯೋಗ ಆದ ಮೇಲೆ ಇದೇ ಅಭ್ಯಾಸವಾಯಿತು. ಐದು ಬಟ್ಟೆಗಳನ್ನು ಶುರುವಿನಲ್ಲೇ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ ಇಟ್ಟುಕೊಳ್ಳುತ್ತೇನೆ. ಒಂದು ಕೋಣೆಗೆ ಒಂದು ಬಟ್ಟೆ. ಅದನ್ನು ಅರ್ಧಕ್ಕೆ ಮಡಚಿ ಮತ್ತೆ ಅರ್ಧಕ್ಕೆ ಮಡಚಿದರೆ, ತಿರುಗಿಸಿ ಮಗುಚಿ ಎಂಟು ಹೊಸ ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದರೆ ಇನ್ನೊಂದು. ಎಂಟೂ ಮುಗಿದರೆ ಆ ಬಟ್ಟೆ ಪಕ್ಕಕ್ಕೆ, ಮತ್ತೆ ನೀರಿಗೆ ಅದ್ದುವ ಮಾತಿಲ್ಲ. ಕೊನೆಗೆ ಐದನ್ನೂ ಒಟ್ಟಿಗೆ ಒಗೆಯುವುದು. ಕೊಳೆ ಬಕೆಟ್ ಅನ್ನುವುದೇ ಇಲ್ಲ. ನೀರು ಮೂರು ಲೀಟರ್ ದಾಟುವುದಿಲ್ಲ, ಒಗೆಯುವುದಕ್ಕೆ ಬೇಕಾದ ನೀರು ಬಿಟ್ಟು.

ತಿರುಗುವ ಬುಟ್ಟಿಯ ಮಾಪ್ ಬಂದ ಮೇಲೆ ಮಂಡಿಗೆ ಆರಾಮ ಆಗಿದೆ, ಸುಳ್ಳಲ್ಲ. ಆದರೆ ಅದರ ಬಕೆಟ್ಟಿನಲ್ಲಿ ಸಾಮಾನ್ಯವಾಗಿ ಒಂದೇ ಕೊಳ. ಬುಟ್ಟಿ ತಿರುಗಿದಾಗ ಹಿಂಡಿದ ಕೊಳೆ ನೀರು ಅದೇ ಕೊಳಕ್ಕೆ ಇಳಿಯುತ್ತದೆ, ಮುಂದಿನ ಸಲ ಅದರಲ್ಲೇ ಅದ್ದುತ್ತೇವೆ. ಆ ಬಕೆಟ್ ಭಾರ, ಎತ್ತಿ ಚೆಲ್ಲುವುದಕ್ಕೆ ಬೇಜಾರು. ಹಾಗಾಗಿ ಯಾರೂ ಚೆಲ್ಲುವುದಿಲ್ಲ. ಅರ್ಧಕ್ಕಿಂತ ಕಡಿಮೆ ನೀರು ಹಾಕಿ, ಎರಡು ಕೋಣೆಗೊಮ್ಮೆ ಬದಲಿಸಿ.

ಕೆಲಸದವರು ಬಂದು ಒರೆಸುವ ಮನೆಯಾದರೆ ಒಂದು ಮಾತು. ಅವರಿಗೆ ದಿನಕ್ಕೆ ನಾಲ್ಕೈದು ಮನೆ. ನಮ್ಮ ಮನೆಗೆ ಸಿಗುವುದು ಅರ್ಧ ಗಂಟೆ. ‘ನೀರು ಬದಲಿಸಿ’ ಅಂತ ಬಾಗಿಲಲ್ಲಿ ನಿಂತು ಗದರಿದರೆ ಏನೂ ಬದಲಾಗುವುದಿಲ್ಲ. ನಾಲ್ಕು ಬಟ್ಟೆ ಹಿಂಡಿ ಇಟ್ಟು, ಕೈಗವಸು ತಂದುಕೊಟ್ಟು, ‘ಬೆಡ್‌ರೂಮ್ ಇವತ್ತು ಬೇಡ, ಅಡುಗೆಮನೆ ನಿಧಾನವಾಗಿ ಮಾಡಿ’ ಅಂದರೆ ಕೆಲಸ ಚೆನ್ನಾಗಿ ಆಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯಿತು.

ಬಟ್ಟೆಯ ಬಗ್ಗೆ ಎರಡೇ ಮಾತು. ಹಳೆಯ ಬನಿಯನ್, ಪಂಚೆ, ಟವೆಲ್ ಚೆನ್ನಾಗಿ ನೀರು ಹೀರುತ್ತವೆ. ಪಾಲಿಯೆಸ್ಟರ್ ಸೀರೆ ತುಂಡು ಹೀರುವುದಿಲ್ಲ, ನೀರನ್ನು ನೆಲದ ಮೇಲೆ ಓಡಿಸುತ್ತದೆ. ಮೈಕ್ರೋಫೈಬರ್ ಬಟ್ಟೆಯೂ ಪಾಲಿಯೆಸ್ಟರೇ, ಆದರೆ ಅದರ ಎಳೆ ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ, ಸೀಳಿದ ಎಳೆ. ಆ ಸೀಳುಗಳಲ್ಲಿ ನೀರೂ ಧೂಳೂ ಸಿಕ್ಕಿಕೊಳ್ಳುತ್ತವೆ. ಅದನ್ನು ಕಂಫರ್ಟ್ ಥರದ ಫ್ಯಾಬ್ರಿಕ್ ಕಂಡೀಶನರ್ ಹಾಕಿ ಒಗೆದರೆ ಸೀಳು ಮುಚ್ಚಿ ಬಟ್ಟೆ ಮೊಂಡಾಗುತ್ತದೆ.

ಬಟ್ಟೆ ಯಾವುದೇ ಆಗಲಿ, ತೊಟ್ಟಿಕ್ಕುವಷ್ಟು ಒದ್ದೆ ಬೇಡ. ಒರೆಸಿದ ಜಾಗ ಫ್ಯಾನ್ ಕೆಳಗೆ ಎರಡು ಮೂರು ನಿಮಿಷದಲ್ಲಿ ಒಣಗಬೇಕು. ಒಣಗದಿದ್ದರೆ ನೀರು ಜಾಸ್ತಿಯಾಯಿತು ಅಂತಲೇ ಅರ್ಥ. ವಯಸ್ಸಾದವರಿರುವ ಮನೆಯಲ್ಲಿ ಇದು ಬರೀ ಅಂದಚೆಂದದ ಮಾತಲ್ಲ. ಸೋಪು ನೀರಿನ ಟೈಲ್ಸ್ ಮೇಲೆ ಒಂದು ಸಲ ಕಾಲು ಜಾರಿದರೆ ಸೊಂಟದ ಮೂಳೆಗೇ ಕುತ್ತು. ಅವರು ಕೂತು ಪೇಪರ್ ಓದುವ ಹೊತ್ತು ನೋಡಿಕೊಂಡು ಒರೆಸಿ.

ಘಮ ಬಂದರೆ ಕ್ಲೀನ್ ಆಯಿತು ಅಂತಲ್ಲ

ಇನ್ನು ಬಾಟಲಿಗಳು. ದಿನನಿತ್ಯದ ಒರೆಸುವಿಕೆಗೆ ಮೂರು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಐದಾರು ಹನಿ ಸಾಕು. ಬೆಡ್‌ರೂಮಿಗೆ ಅದೂ ಬೇಡ, ಬರೀ ನೀರು. ಇದನ್ನು ಹೇಳಿದಾಗ ನಮ್ಮ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಫಿನಾಯಿಲ್ ಹಾಕದೆ ಒರೆಸಿದರೆ ಅದೂ ಒಂದು ಒರೆಸುವುದಾ?

ಕ್ರಿಮಿ ಕೊಲ್ಲುವ ಔಷಧಿಗಳು ಕೆಲಸ ಮಾಡಬೇಕಾದರೆ ಎರಡು ಷರತ್ತು ಇವೆ. ನೆಲ ಮೊದಲೇ ಸ್ವಚ್ಛವಾಗಿರಬೇಕು. ಔಷಧಿ ನೆಲದ ಮೇಲೆ ಒದ್ದೆಯಾಗಿ ಒಂದಷ್ಟು ಹೊತ್ತು ಇರಬೇಕು. ಹಲವು ಬಾಟಲಿಗಳ ಹಿಂದೆ ಹತ್ತು ನಿಮಿಷ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾವು ಮಾಡುವುದು ತದ್ವಿರುದ್ಧ. ಕೊಳೆ ನೆಲಕ್ಕೆ ಔಷಧಿ ಹಾಕುತ್ತೇವೆ, ಎರಡು ನಿಮಿಷಕ್ಕೆ ಫ್ಯಾನ್ ಕೆಳಗೆ ಒಣಗಿಸುತ್ತೇವೆ. ಘಮ ಉಳಿಯುತ್ತದೆ, ಕ್ರಿಮಿಯೂ ಉಳಿಯುತ್ತದೆ.

ಇನ್ನೊಂದು ತಮಾಷೆ ಇದೆ. ಅಂಗಡಿಯಲ್ಲಿ ಸಿಗುವ ಅನೇಕ ನೆಲದ ಲಿಕ್ವಿಡ್‌ಗಳಲ್ಲಿ ಕ್ರಿಮಿ ಕೊಲ್ಲುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಅದರ ಕಣಕ್ಕೆ ಧನ ವಿದ್ಯುತ್ ಅಂಶ ಇರುತ್ತದೆ. ಬಟ್ಟೆ ಸೋಪಿನ ಪುಡಿಯ ಕಣಕ್ಕೆ ಋಣ ಅಂಶ. ಜಾಸ್ತಿ ಕ್ಲೀನ್ ಆಗಲಿ ಅಂತ ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಅವು ಒಂದಕ್ಕೊಂದು ಅಂಟಿಕೊಂಡು ಎರಡೂ ನಿಷ್ಪ್ರಯೋಜಕ. ಅಡುಗೆ ಸೋಡ ಮತ್ತು ವಿನೆಗರ್ ಬೆರೆಸುವ ವಿಡಿಯೋಗಳದ್ದೂ ಇದೇ ಕಥೆ. ಬುಸ್ ಅಂತ ನೊರೆ ಬರುತ್ತದೆ, ನೋಡೋಕೆ ಚೆಂದ. ಹುಳಿಯೂ ಕ್ಷಾರವೂ ಒಂದನ್ನೊಂದು ಮುಗಿಸಿ, ಕೊನೆಗೆ ಉಳಿಯುವುದು ಉಪ್ಪು ನೀರಿನಂಥ ನೀರು. ಸೋಡ ಬೇಕಾದರೆ ಸೋಡ ಹಾಕಿ, ವಿನೆಗರ್ ಬೇಕಾದರೆ ವಿನೆಗರ್.

ಹಾಗಾದರೆ ಔಷಧಿ ಯಾವಾಗ ಬೇಕು? ಮನೆಯಲ್ಲಿ ಯಾರಿಗಾದರೂ ವಾಂತಿ ಭೇದಿ ಆಗಿ ನೆಲದ ಮೇಲೆ ಬಿದ್ದಾಗ. ಮೀನು ಮಾಂಸದ ನೀರು ಚೆಲ್ಲಿದಾಗ. ಮೊದಲು ಪೇಪರಿನಲ್ಲಿ ಎತ್ತಿ, ಸೋಪು ನೀರಲ್ಲಿ ಒರೆಸಿ, ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಆಮೇಲೆ ಔಷಧಿ ಹಾಕಿ ಹತ್ತು ನಿಮಿಷ ಬಿಡಬೇಕು. 2020ರಲ್ಲಿ ಕೊರೊನಾ ಹೆದರಿಕೆಗೆ ದಿನಾ ಬ್ಲೀಚ್ ಹಾಕಿ ನೆಲ ಒರೆಸಿದವರು ನಾವೆಲ್ಲ. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ನೆಲ ಮೇಜು ಮುಟ್ಟಿ ಆ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆ, ಮಾಮೂಲಿ ದಿನಗಳಲ್ಲಿ ಸೋಪು ನೀರು ಸಾಕು ಎಂದಿತು.

ಬ್ಲೀಚ್ ವಿಷಯದಲ್ಲಿ ಮಾತ್ರ ಗಂಭೀರವಾಗಿ ಹೇಳುತ್ತೇನೆ. ಅದನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ. ಕಿಟಕಿ ಇಲ್ಲದ ಸಣ್ಣ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಅಪಾಯ. ನಾಯಿ ಬೆಕ್ಕಿನ ಉಚ್ಚೆಯ ಮೇಲೂ ನೇರ ಬ್ಲೀಚ್ ಸುರಿಯಬಾರದು. ಅದರಲ್ಲಿರುವ ಅಮೋನಿಯಾ ಜೊತೆ ಸೇರಿ ಇನ್ನೊಂದು ಕೆಟ್ಟ ಅನಿಲ ಆಗುತ್ತದೆ. ಬೆಕ್ಕು ಇರುವವರು ಫಿನಾಯಿಲ್ಲನ್ನೇ ಮನೆಗೆ ತರದಿದ್ದರೆ ಒಳ್ಳೆಯದು. ಫೀನಾಲ್ ಜಾತಿಯ ರಾಸಾಯನಿಕ ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಅದು ಒರೆಸಿದ ನೆಲದ ಮೇಲೆ ನಡೆದು ಆಮೇಲೆ ಪಾದ ನೆಕ್ಕುತ್ತದೆ.

ಒರೆಸಿ ಒಣಗಿದ ಮೇಲೂ ನೆಲ ಪಾದಕ್ಕೆ ಚಟ್ ಚಟ್ ಅಂತ ಅಂಟುತ್ತಿದೆಯಾ? ಅದು ಲಿಕ್ವಿಡ್ ಜಾಸ್ತಿ ಆದ ಗುರುತು. ಒಣಗಿದ ಸೋಪಿನ ಪೊರೆ ಧೂಳನ್ನು ಹಿಡಿಯುತ್ತದೆ. ನೆಲ ಬೇಗ ಕೊಳೆ ಆಗುತ್ತದೆ, ನಾವು ಇನ್ನೂ ಜಾಸ್ತಿ ಲಿಕ್ವಿಡ್ ಹಾಕುತ್ತೇವೆ. ಎರಡು ಮೂರು ದಿನ ಬರೀ ಬಿಸಿನೀರಿನಲ್ಲಿ, ನೀರು ಬದಲಿಸುತ್ತಾ ಒರೆಸಿದರೆ ಪೊರೆ ಬಿಡುತ್ತದೆ. ನೊರೆ ಬರುವುದು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ, ಸೋಪೇ ಹಾಕಿಲ್ಲವಲ್ಲ ಅಂತ.

ಅರಿಶಿನ ಚೆಲ್ಲಿದ ದಿನ

ಒಂದು ಗೌರಿ ಹಬ್ಬದ ದಿನ ಕಲಸಿದ ಅರಿಶಿನದ ಬಟ್ಟಲು ನನ್ನ ಕೈಜಾರಿ ಮಾರ್ಬಲ್ ನೆಲದ ಮೇಲೆ ಬಿತ್ತು. ಬಂಗಾರದ ಬಣ್ಣದ ಅಂಗೈಯಗಲದ ಕಲೆ. ಓಡಿ ಹೋಗಿ ಸೋಪಿನ ಪುಡಿ ನೀರು ತಂದು ಉಜ್ಜಿದೆ. ಹಳದಿ ಇದ್ದದ್ದು ರಕ್ತದ ಹಾಗೆ ಕೆಂಪಾಯಿತು. ಗಾಬರಿಯಾಗಬೇಕಾದ್ದಿಲ್ಲ, ಆರತಿ ನೀರು ನೆನಪಾಗಬೇಕಿತ್ತು. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ಲ, ಸೋಪಿನ ಪುಡಿಯದ್ದೂ ಸುಣ್ಣದ ಹಾಗೆ ಕ್ಷಾರದ ಗುಣ. ನನಗೆ ಹೊಳೆದದ್ದು ಅರ್ಧ ಮಾತ್ರ. ಕ್ಷಾರಕ್ಕೆ ಹುಳಿ ಎದುರು ಅಂತ ಅರ್ಧ ನಿಂಬೆಹಣ್ಣು ಹಿಂಡಿದೆ. ಕೆಂಪು ಮಾಯವಾಗಿ ಮತ್ತೆ ಹಳದಿ ಬಂತು. ಜೊತೆಗೆ ಸಣ್ಣ ಗುಳ್ಳೆಗಳೂ ಬಂದವು. ಆ ಗುಳ್ಳೆ ಅರಿಶಿನದ್ದಲ್ಲ, ಮಾರ್ಬಲ್‌ನದ್ದು.

ಮಾರ್ಬಲ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣದ ಕಲ್ಲಿನ ಜಾತಿ. ಹುಳಿ ಬಿದ್ದರೆ ಕರಗುತ್ತದೆ. ಕಿಟಕಿ ಪಕ್ಕದ ಜಾಗವಾದ್ದರಿಂದ ಬಿಸಿಲಿಗೆ ಅರಿಶಿನದ ಬಣ್ಣ ಕೆಲವು ವಾರದಲ್ಲಿ ತಾನಾಗಿಯೇ ಹೋಯಿತು. ಸುಮ್ನೆ ಬಿಟ್ಟಿದ್ದರೂ ಹೋಗುತ್ತಿತ್ತು. ನಿಂಬೆರಸ ಮಾಡಿದ ಮಂಕು ಕಲೆ ಇವತ್ತಿಗೂ ಇದೆ. ಅದು ಮೇಲೆ ಕೂತ ಕೊಳೆಯಲ್ಲ, ಕಲ್ಲೇ ಸವೆದು ಹೊಳಪು ಹೋಗಿರುವುದು. ಪಾಲಿಶ್ ಮೆಷಿನ್ ತರಿಸದೆ ಸರಿಹೋಗುವುದಿಲ್ಲ.

ಅದಕ್ಕೇ ನೀರಿಗೆ ಏನಾದರೂ ಹಾಕುವ ಮುಂಚೆ ನಿಮ್ಮ ನೆಲ ಯಾವುದು ಅಂತ ತಿಳಿದಿರಬೇಕು. ಮಾರ್ಬಲ್ಲಿನ ಜೊತೆಗೆ ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು ಎರಡೂ ಸುಣ್ಣಕಲ್ಲುಗಳೇ. ಕಡಪ ಕಪ್ಪಗಿದೆ ಅಂತ ಗ್ರಾನೈಟ್ ಅಂದುಕೊಂಡು ವಿನೆಗರ್ ಹಾಕುವವರಿದ್ದಾರೆ. ಇಳಕಲ್ಲಿನ ಕೆಂಪು ಗ್ರಾನೈಟಾಗಲಿ, ಚಾಮರಾಜನಗರದ ಕರಿ ಕಲ್ಲಾಗಲಿ ನಿಂಬೆಗೆ ಜಗ್ಗುವುದಿಲ್ಲ, ಅವುಗಳ ಜಾತಿಯೇ ಬೇರೆ. ಕಾವಿ ನೆಲ ಸಿಮೆಂಟಿನದ್ದು, ಹುಳಿ ಆಗದು. ಅದಕ್ಕೆ ಬರೀ ನೀರು, ಅಪರೂಪಕ್ಕೆ ಒಂದೆರಡು ಹನಿ ತೆಂಗಿನೆಣ್ಣೆ ಸವರಿ ಒಣ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದರೆ ಕನ್ನಡಿಯಾಗುತ್ತದೆ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟು ನೀರನ್ನೂ ಹೀರುವುದಿಲ್ಲ, ಅದಕ್ಕೆ ಏನೂ ಆಗದು. ಆದರೆ ಎರಡು ಟೈಲ್ಸ್ ನಡುವಿನ ಗೆರೆಯಲ್ಲಿ ಸಿಮೆಂಟ್ ತುಂಬಿದ್ದರೆ ಆಸಿಡ್ ಅದನ್ನು ತಿನ್ನುತ್ತದೆ. ಗೆರೆ ಕಪ್ಪಾಗಿದ್ದರೆ ಹಳೆಯ ಹಲ್ಲುಜ್ಜುವ ಬ್ರಷ್, ಸೋಡದ ಪೇಸ್ಟ್, ಒಂದಿಷ್ಟು ತೋಳ್ಬಲ. ಮರದ ಪುಡಿ ಒತ್ತಿ ಮಾಡಿದ ಲ್ಯಾಮಿನೇಟ್ ನೆಲಕ್ಕೆ ನೀರೇ ವೈರಿ. ಅಂಚಿನಲ್ಲಿ ನೀರು ಇಳಿದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಅಲ್ಲಿ ಒಣ ಬಟ್ಟೆ, ತೀರಾ ಬೇಕಾದರೆ ಹಿಂಡಿ ಹಿಂಡಿ ತೇವ ಅನ್ನುವಷ್ಟೇ ಉಳಿದ ಬಟ್ಟೆ.

ನೀರಿಗೆ ಕಲ್ಲುಪ್ಪು ಹಾಕಿ ಒರೆಸಿದರೆ ಕೆಟ್ಟ ದೃಷ್ಟಿ ಹೋಗುತ್ತದೆ ಅನ್ನುವುದು ನಂಬಿಕೆಯ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಕ್ರಿಮಿ ಸಾಯುತ್ತವೆ ಅನ್ನುವುದು ಮಾತ್ರ ಸರಿಯಲ್ಲ, ಒಂದು ಹಿಡಿ ಉಪ್ಪಿಗೆ ಅಷ್ಟು ಶಕ್ತಿ ಇಲ್ಲ. ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಉಪ್ಪು ಗಾಳಿಯ ತೇವ ಎಳೆಯುವುದರಿಂದ ಮಳೆಗಾಲದಲ್ಲಿ ನೆಲ ಪಿಸಿಪಿಸಿ ಅನ್ನುತ್ತದೆ.

ಬಿಳಿ ಪೊರೆಗೆ ಉಪ್ಪೇ ಬೇಕಾಗಿಲ್ಲ, ಬೋರ್‌ವೆಲ್ ನೀರೂ ಸಾಕು. ಗಡಸು ನೀರಿನ ಸುಣ್ಣ ಕರಿ ಗ್ರಾನೈಟ್ ಮೇಲೆ ರಂಗೋಲಿ ಪುಡಿ ಎರಚಿದ ಹಾಗೆ ಕಾಣುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ, ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ನಾವೂ ಹಿಡಿದಿಟ್ಟೆವು. ಬಾಲ್ಕನಿ, ಮೆಟ್ಟಿಲು, ಬಾತ್‌ರೂಮಿಗೆ ಅದು ಧಾರಾಳ ಆಗುತ್ತದೆ. ಹೊಳೆಯುವ ಕರಿ ನೆಲಕ್ಕೆ ಬೇಡ, ಅದರಲ್ಲಿ ಲವಣ ಮಾಮೂಲಿ ನೀರಿಗಿಂತ ಜಾಸ್ತಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣ ಇಲ್ಲವೇ ಇಲ್ಲ ಅನ್ನಬಹುದು. ಬಕೆಟ್ ಇಟ್ಟು ಹಿಡಿದರೆ ಕರಿ ಗ್ರಾನೈಟಿಗೆ ಅದರಂಥದ್ದು ಇನ್ನೊಂದಿಲ್ಲ.

ಮಳೆಗಾಲ ಬಂದರೆ

ಕರಾವಳಿ ಮಲೆನಾಡಿನವರಿಗೆ ನೆಲ ಬೆವರುವುದು ಗೊತ್ತು. ಯಾರೂ ಒರೆಸಿಲ್ಲ, ಆದರೂ ನೆಲ ಒದ್ದೆ. ಹೊರಗಿನ ತೇವದ ಗಾಳಿ ಬಂದು ತಣ್ಣಗಿನ ನೆಲ ಮುಟ್ಟಿದಾಗ ನೀರಾಗಿ ಕೂರುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಒದ್ದೆಯಾಗುವ ಹಾಗೆ. ಅಂಥ ದಿನ ನೀರು ಹಾಕಿ ಒರೆಸುವುದು ಬೇಡವೇ ಬೇಡ. ಒಣ ಬಟ್ಟೆ ಎಳೆದು, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆಯವರು ಒರೆಸುವ ದಿನಗಳನ್ನು ಅರ್ಧ ಮಾಡಿ ಗುಡಿಸುವುದನ್ನು ಜಾಸ್ತಿ ಮಾಡಿದರೂ ನಷ್ಟ ಇಲ್ಲ. ಒಣಗದ ನೆಲ ಬೂಸಲಿಗೆ ಕರೆಯೋಲೆ.

ಬಟ್ಟೆಗೂ ಅದೇ ಮಾತು. ಒರೆಸಿ ಮುಗಿದ ಮೇಲೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ, ಬಕೆಟ್ಟನ್ನು ಬಾತ್‌ರೂಮ್ ಮೂಲೆಗೆ ತಳ್ಳುತ್ತೇವಲ್ಲ, ಮರುದಿನ ಅದರಿಂದ ಬರುವ ಮುಗ್ಗಲು ವಾಸನೆ ಕ್ರಿಮಿಗಳು ರಾತ್ರಿಯೆಲ್ಲ ಹಬ್ಬ ಮಾಡಿದ್ದರ ಗುರುತು. ಅದೇ ಬಟ್ಟೆ ಮರುದಿನ ಇಡೀ ಮನೆ ಸುತ್ತುತ್ತದೆ. ಸೋಪಿನಲ್ಲಿ ಒಗೆದು, ಪೂರ್ತಿ ಬಿಡಿಸಿ, ಬಿಸಿಲಿಗೆ ಹಾಕಬೇಕು. ಮಾಪ್ ಆದರೆ ತಲೆ ಮೇಲೆ ಮಾಡಿ ಬಾಲ್ಕನಿಯಲ್ಲಿ ನಿಲ್ಲಿಸಬೇಕು. ಬಾತ್‌ರೂಮಿನ ಬಟ್ಟೆ ಬೇರೆ ಬಣ್ಣದ್ದು ಇರಲಿ, ಅಡುಗೆಮನೆಗೆ ಅದು ಕಾಲಿಡಬಾರದು. ನಮ್ಮಲ್ಲಿ ಅದಕ್ಕೆ ನೀಲಿ. ಮಳೆಗಾಲದಲ್ಲಿ ಬಿಸಿಲು ಸಿಗದಿದ್ದರೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ಹಿಂಡಿ ಫ್ಯಾನ್ ಕೆಳಗೆ ಹರಡಿ. ಮೈಕ್ರೋಫೈಬರ್ ಆದರೆ ಕುದಿಯುವ ನೀರು ಬೇಡ, ಕೈ ತಡೆಯುವಷ್ಟು ಬಿಸಿ ಇದ್ದರೆ ಸಾಕು. ಇಷ್ಟು ಮಾಡಿದರೂ ವಾಸನೆ ಹೋಗದಿದ್ದರೆ ಆ ಬಟ್ಟೆ ಬಿಸಾಕಿ. ಹಳೆಯ ಬನಿಯನ್‌ಗಳಿಗೆ ಯಾವ ಮನೆಯಲ್ಲೂ ಬರ ಇಲ್ಲ.